ಎಂಜಿನ್ನಿಗೆ ಹಾಕಿದ ಸೆರಗಿನ ಪಿನ್ನು

ಹೂವಿನಹಡಗಲಿಯಲ್ಲಿ ನನ್ನದು ಕಾರು ವೈರಿಂಗ್ ಅಂಗಡಿ. ಕೆಟ್ಟ ಕಾರು ಯಾವತ್ತೂ ಒಂದೇ ಬರುವುದಿಲ್ಲ, ಹಿಂದೆ ಮನೆಮಂದಿಯೆಲ್ಲ ಬರುತ್ತಾರೆ. ಹಾಗಾಗಿ ನಗುವಿಗೆ ಬರವೆಂಬುದಿಲ್ಲ. ಎರಡು ಸಾವಿರದ ಇಸವಿ ದಾಟಿ ಸೆನ್ಸರ್ ಇರುವ ಕಾರುಗಳು ಬಂದ ಮೇಲಂತೂ ಕೇಳಲೇಬೇಡಿ.

೧. ನಿಂಬೆಹಣ್ಣು

ಮಲ್ಲಿಗೆ ವ್ಯಾಪಾರದ ಸಾಹುಕಾರರ ಕಾರು ಮನಸ್ಸು ಬಂದಾಗ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಮಗನಿಗೆ ಹೆಣ್ಣು ನೋಡಲು ಹೊರಟ ಎರಡು ಸಲವೂ ದಾರಿಯಲ್ಲೇ ನಿಂತಿತ್ತು. ಕಾದು ಬೇಸತ್ತ ಹೆಣ್ಣಿನವರು ಸಂಬಂಧವೇ ಬೇಡ ಅಂದಿದ್ದರು. ಈಗ ಹರಪನಹಳ್ಳಿಯ ಹೆಣ್ಣು. ಹೊರಡುವ ಮುಂಜಾನೆಯೇ ಕಾರು ಮತ್ತೆ ಕೈಕೊಟ್ಟಿತು. ಅಂಗಡಿಗೆ ತಳ್ಳಿಕೊಂಡು ಬಂದರು.

ಬಾನೆಟ್ ಎತ್ತಿದರೆ ಎಂಜಿನ್ ಪಕ್ಕ ನಿಂಬೆಹಣ್ಣು ಕಟ್ಟಿತ್ತು.

"ಇದ್ಯಾಕ್ರಿ ಒಳಗ?" ಅಂದೆ.

"ಹೊರಗ ಕಟ್ಟಿದ್ವಿ, ಉಪಯೋಗ ಆಗ್ಲಿಲ್ಲ. ರೋಗ ಒಳಗೈತಲ್ಲ, ಅದಕ್ಕ," ಅಂದರು ಸಾಹುಕಾರರು.

೨. ಮದ್ದು

ನನಗೆ ಕ್ಯಾಮ್‌ಶಾಫ್ಟ್ ಸೆನ್ಸರಿನ ವೈರಿನ ಮೇಲೆ ಅನುಮಾನ. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡ ಎಷ್ಟು ತಿರುಗಿದೆ ಎಂದು ಕಾರಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು ಆ ಸೆನ್ಸರ್. ಸುದ್ದಿ ಮುಟ್ಟದಿದ್ದರೆ ಆ ಕಾರು ಸ್ಟಾರ್ಟ್ ಆಗುವುದಿಲ್ಲ, ನಮ್ಮ ಮಾತಿನಲ್ಲಿ ಹತ್ತುವುದಿಲ್ಲ. ಸೆನ್ಸರಿಗೆ ವೈರು ಸೇರಿಸುವ ಪ್ಲಗ್ಗಿನ ಹಿಂದೆ, ವೈರಿನ ಪಕ್ಕ ಪಿನ್ನು ತೂರಿಸಿ, ಪಿನ್ನಿಗೆ ಮೀಟರ್ ಹಚ್ಚಿ ನೋಡಬೇಕು. ನನ್ನ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಸಾಹುಕಾರರ ಹೆಂಡತಿಯ ಬಳೆಯಲ್ಲಿ ಒಂದು ತೂಗಾಡುತ್ತಿತ್ತು.

"ಅಮ್ಮಾರ, ಆ ಪಿನ್ ಸ್ವಲ್ಪ ಕೊಡ್ರಿ."

"ಸೆರಗಿಗೆ ಅಂತ ಇದೊಂದ ಇಟ್ಕಂಡೀನಿ," ಎನ್ನುತ್ತಲೇ ಕೊಟ್ಟರು.

ತೂರಿಸಿದೆ. ಮೀಟರ್ ಹಚ್ಚುವ ಮೊದಲೇ ಸಾಹುಕಾರರು ಕೀ ತಿರುವಿದರು. ಎಂಜಿನ್ ಒಂದೇ ಏಟಿಗೆ ಹತ್ತಿತು. ಪಿನ್ನು ಕಿತ್ತೆ, ನಿಂತಿತು. ಪ್ಲಗ್ಗಿನೊಳಗೆ ಸಡಿಲವಾಗಿದ್ದ ವೈರನ್ನು ಪಿನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು, ಅಷ್ಟೇ.

"ಹೊಸಾ ಪ್ಲಗ್ಗು ಹುಬ್ಬಳ್ಳಿಯಿಂದ ಬರಬೇಕ್ರಿ," ಅಂದೆ.

"ಬರ್ಲಿ ಬಿಡು. ಈಗ ಪಿನ್ ಅಲ್ಲೇ ಇರ್ಲಿ, ನೀನೂ ಗಾಡಿ ಹತ್ತು," ಅಂದರು ಸಾಹುಕಾರರು.

ಅಮ್ಮನವರು ದಾರಿಯುದ್ದಕ್ಕೂ ಗಂಡನಿಗೆ ಹೇಳಿದ್ದೊಂದೇ: "ಕಂಡಕಂಡೋರಿಗೆ ತೋರಿಸಿದ್ರಿ. ನನ್ನ ಒಂದ್ಮಾತು ಕೇಳಿದ್ರ ಅವತ್ತೇ ಪಿನ್ ಕೊಡ್ತಿದ್ದೆ."

೩. ಊರಿಗೆ ಹೋಗಿ ತಿಳಿಸ್ತೀವಿ

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಎಂಜಿನ್ ಆರಲಿ ಎಂದು ಬಾನೆಟ್ ಎತ್ತಿಟ್ಟು ನಾನೂ ಒಳಗೆ ಹೋದೆ. ಉಪ್ಪಿಟ್ಟು, ಚಹಾ ಆಯಿತು. ಹುಡುಗ ತಲೆ ಎತ್ತದೆ ನಗುತ್ತಿದ್ದ, ಅಂದರೆ ಒಪ್ಪಿಗೆ. ಆದರೆ ಅಲ್ಲೇ ಹೂಂ ಅನ್ನುವುದು ಗಂಡಿನವರಿಗೆ ಮರ್ಯಾದೆಯಲ್ಲ. "ಊರಿಗೆ ಹೋಗಿ ತಿಳಿಸ್ತೀವ್ರಿ," ಎಂದು ಅಮ್ಮನವರು ಗತ್ತಿನಿಂದ ಎದ್ದರು.

ಎಲ್ಲರೂ ಕಾರಿನಲ್ಲಿ ಕೂತರು. ಕಾರು ಹತ್ತಲಿಲ್ಲ. ಇಳಿದು ಹೋಗಿ ನೋಡಿದರೆ ಪಿನ್ನೇ ಇಲ್ಲ. ತಿರುಗಿದೆ. ಅದು ಅಮ್ಮನವರ ಭುಜದ ಮೇಲೆ ಹೊಳೆಯುತ್ತಿತ್ತು.

"ಹೆಣ್ಣಿನವ್ರ ಮುಂದ ಸೆರಗು ಜಾರಿಸ್ಕಂಡು ಕುಂದರ್ಲೇನು? ಈಗಂತೂ ಬಿಚ್ಚಂಗಿಲ್ಲ," ಎಂದು ಪಿಸುಗುಟ್ಟಿದರು. ಸಾಹುಕಾರರ ಮುಖ ಬಿಳಿಚಿತು. ಮೂರನೇ ಸಂಬಂಧವೂ ಕೈತಪ್ಪಿತೆಂದೇ ನಾನು ತಿಳಿದೆ, ಪಾಪ ಅನ್ನಿಸಿತು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಎಲ್ಲ ನೋಡುತ್ತಿದ್ದಳು. ಇಳಿದು ಬಂದು ತನ್ನ ಬಳೆಯಿಂದ ಒಂದು ಪಿನ್ನು ಬಿಚ್ಚಿ ಚಾಚಿದಳು. "ಇದು ಆಗ್ತದೇನ್ರಿ?"

ಆಯಿತು. ಎಂಜಿನ್ ಹತ್ತಿತು. ಹುಡುಗಿಯ ತಂದೆ ಕೈಮುಗಿದರು: "ಹಂಗಾರೆ ಊರಿಗೆ ಹೋಗಿ ತಿಳಿಸ್ರಿ."

ಅಮ್ಮನವರು ಒಮ್ಮೆ ಬಾನೆಟ್ ಕಡೆ, ಒಮ್ಮೆ ಹುಡುಗಿ ಕಡೆ ನೋಡಿದರು.

"ತಿಳಿಸೋದೇನೈತ್ರಿ ಇನ್ನ? ಪಿನ್ ವಾಪಸ್ ಕೊಡಾಕಂತೂ ಆಗಂಗಿಲ್ಲ. ಹುಡುಗೀನೂ ಕಳಿಸಿಬಿಡ್ರಿ."