ಛೇದಕ್ಕೆ ಬಿದ್ದ ಕತ್ತರಿ

ಬೆಳಗ್ಗೆ ಬಂದವನೇ ಕಂಪ್ಯೂಟರ್ ತೆರೆದದ್ದು ತಪ್ಪಾಯಿತು. ಕಾಲೇಜಿನ ವಿಜ್ಞಾನ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಲೇಖನಕ್ಕೆ ಸರಾಸರಿ ಎಷ್ಟು ಉಲ್ಲೇಖ ಎಂಬ ಅಂಕ, ಈ ಸಲವೂ ಒಂದನ್ನು ಮುಟ್ಟುವುದಿಲ್ಲವೆಂದು ಅಳೆಯುವ ಸಂಸ್ಥೆಯಿಂದ ಮೇಲ್ ಬಂದಿತ್ತು. ಲೇಖನಗಳ ಪಟ್ಟಿಯಲ್ಲಿ ತಪ್ಪಿದ್ದರೆ ಮಧ್ಯಾಹ್ನದೊಳಗೆ ತಿಳಿಸಿ, ಆಮೇಲೆ ಕೇಳುವುದಿಲ್ಲ ಎಂಬ ಒಕ್ಕಣೆ ಬೇರೆ.

ಓದಿದವನು ಪತ್ರಿಕೆಯ ಸಹಸಂಪಾದಕ, ಪ್ರಾಣಿಶಾಸ್ತ್ರದ ಟೆಂಪರರಿ ಲೆಕ್ಚರರ್. ಬೇರೆಯವರ ಅಡಿಟಿಪ್ಪಣಿ ತಿದ್ದಿ ತಿದ್ದಿ ಸವೆದಿದ್ದ ಅವನಿಗೆ ಸಹೋದ್ಯೋಗಿಗಳು ‘ಅಡಿಟಿಪ್ಪಣಿ’ ಎಂದೇ ಹೆಸರಿಟ್ಟಿದ್ದರು. ಅವನ ಕೆಲಸ ಕಾಯಂ ಮಾಡುವ ಸಮಿತಿ ಅವತ್ತೇ ಸಂಜೆ ಕೂರುವುದಿತ್ತು. ಕಾಯಂ ಆಗಬೇಕಾದರೆ ಇಂಪ್ಯಾಕ್ಟ್ ಒಂದಾದರೂ ಇರುವ ಪತ್ರಿಕೆಯಲ್ಲಿ ಒಂದು ಲೇಖನ ಬಂದಿರಬೇಕು. ಎರೆಹುಳುವಿನ ಉಸಿರಾಟದ ಮೇಲೆ ಅವನು ಜೀವ ತೇದು ಬರೆದ ಒಂದೇ ಒಂದು ಲೇಖನ ಬಂದದ್ದು ಈ ಪತ್ರಿಕೆಯಲ್ಲೇ. ಇಂದು ಆಗದಿದ್ದರೆ ಮುಂದಿನ ತಿಂಗಳಿಂದ ಮನೆಯಲ್ಲಿ ಕೂರಬೇಕು. ಸಾಲದ್ದಕ್ಕೆ ಹೆಂಡತಿ ತವರಿಗೆ ಫೋನ್ ಮಾಡಿ, ಕಾಯಂ ಆಯಿತೆಂದು ಆಗಲೇ ಹೇಳಿಬಿಟ್ಟಿದ್ದಳು.

“ಯಾಕ್ರೀ ಅಡಿಟಿಪ್ಪಣಿ, ಮುಖ ಹರಳೆಣ್ಣೆ ಕುಡಿದಂಗಾಗಿದೆ?” ಎನ್ನುತ್ತಾ ಲೆಕ್ಕದ ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಕರೆಯದ ಕಡೆ ಹೋಗಿ ಸಲಹೆ ಕೊಡುವುದರಲ್ಲಿ ಅವರು ಎತ್ತಿದ ಕೈ.

“ನೋಡಿ ಸಾರ್, ಎರಡು ವರ್ಷದಲ್ಲಿ ನಾವು ಹಾಕಿದ ಲೇಖನ ನಲವತ್ತು. ಬೇರೆಯವರು ತಮ್ಮ ಬರಹದಲ್ಲಿ ಅವನ್ನ ಉಲ್ಲೇಖಿಸಿದ್ದು ಮೂವತ್ತೇಳು ಸಲ. ಭಾಗಿಸಿದ್ರೆ ಒಂದು ಎಲ್ಲಿಂದ ಬರುತ್ತೆ?”

“ಮೇಲಿನ ಸಂಖ್ಯೆನ ಹಿಗ್ಗಿಸೋಕಾಗಲ್ಲ, ಕೆಳಗಿನ ಸಂಖ್ಯೆನ ಕುಗ್ಗಿಸಿ. ಸಂಪಾದಕರಿಗೆ ಬಂದ ಪತ್ರಗಳನ್ನ ಆ ಸಂಸ್ಥೆಯವರು ಲೇಖನ ಅಂತ ಎಣಿಸಲ್ಲ, ಅವಕ್ಕೆ ಬಂದ ಉಲ್ಲೇಖ ಮಾತ್ರ ಎಣಿಸ್ತಾರೆ ತಾನೇ? ಮೂರು ಚಿಕ್ಕ ಲೇಖನ ಹಿಡ್ಕೊಂಡು, ಇವು ಲೇಖನ ಅಲ್ಲ, ಬರೀ ಪತ್ರ ಅಂತ ಬರೆದುಬಿಡಿ. ಮೂವತ್ತೇಳಕ್ಕೆ ಮೂವತ್ತೇಳು. ಸರಿಯಾಗಿ ಒಂದು!”

ಅಡಿಟಿಪ್ಪಣಿಗೆ ಹೋದ ಜೀವ ಬಂದಂತಾಯಿತು. ಇದು ನ್ಯಾಯವೇ ಎಂಬ ಪ್ರಶ್ನೆ ಒಂದು ಗಳಿಗೆ ಕಾಡಿತು. ಮಾವನವರ ಮುಖ ನೆನಪಾದ ಕೂಡಲೇ ಅದು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಯಿತು. ಆದರೆ ಲೇಖಕರನ್ನು ಕೇಳದೆ ಒಂದು ಅಲ್ಪವಿರಾಮವನ್ನೂ ಮುಟ್ಟಬಾರದೆಂಬುದು ಪತ್ರಿಕೆಯ ಪದ್ಧತಿ. “ಎರಡಕ್ಕೆ ನಾನು ಒಪ್ಪಿಸ್ತೀನಿ, ಮೂರನೇದು ನೀವು ಹುಡುಕಿಡಿ” ಎಂದು ಹೇಳಿ ಓಡಿದ.

ಮೊದಲು ಸಿಕ್ಕವರು ಲೈಬ್ರರಿ ಮೇಡಂ. ಪುಸ್ತಕ ತಿನ್ನುವ ಹುಳದ ಮೇಲೆ ಅವರದೊಂದು ಎರಡು ಪುಟದ ಲೇಖನವಿತ್ತು.

“ಏನು? ನನ್ನದು ಲೇಖನ ಅಲ್ವಾ? ಆ ಹುಳ ಹಿಡಿಯೋಕೆ ಹೋಗಿ ಕಪಾಟಿನ ಸಂದಿಯಲ್ಲಿ ಸಿಕ್ಕಿಹಾಕ್ಕೊಂಡವಳು ನಾನು! ಇಬ್ಬರು ಬಂದು ಎಳೆದ್ರು!”

ಅವರ ಕೂಗಿಗೆ, ದಿನವೂ ಅವರಿಂದ ಬೈಸಿಕೊಳ್ಳುತ್ತಿದ್ದ ಓದುಗರೆಲ್ಲ ಸೇರಿ “ಶ್!” ಎಂದರು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಅಡಿಟಿಪ್ಪಣಿ ಕೈ ಮುಗಿದೇಬಿಟ್ಟ. “ಅಕ್ಕಾ, ನನ್ನ ಅನ್ನದ ಪ್ರಶ್ನೆ.” ಅಕ್ಕ ಎಂದದ್ದಕ್ಕೋ ಏನೋ, ಮೇಡಂ ಮೂಗು ಒರೆಸಿಕೊಂಡು ಒಪ್ಪಿದರು.

ಎರಡನೆಯದು ಪ್ರಧಾನ ಸಂಪಾದಕರದೇ. ಅವರು ಸಿಡುಕಲಿಲ್ಲ, ರೇಗಲಿಲ್ಲ. ಅದೇ ಕಷ್ಟವಾಯಿತು. “ಕೂತ್ಕೊಳ್ಳಿ. ಓದ್ತೀನಿ. ಪತ್ರವೋ ಲೇಖನವೋ ನೀವೇ ಹೇಳುವಿರಂತೆ” ಎಂದು ಕನ್ನಡಕ ಏರಿಸಿ, ತುಕ್ಕಿನ ಮೇಲಿನ ತಮ್ಮ ಲೇಖನವನ್ನು ನಿಧಾನವಾಗಿ ಓದತೊಡಗಿದರು. ಗೋಡೆಯ ಗಡಿಯಾರ ಓಡುತ್ತಿತ್ತು, ಸಂಪಾದಕರು ತೆವಳುತ್ತಿದ್ದರು. ಅಡಿಟಿಪ್ಪಣಿಯ ಜೇಬಿನಲ್ಲಿ ಫೋನ್ ಗುರುಗುಟ್ಟಿದಾಗ, ಬಿದ್ದ ಪೆನ್ನು ಹುಡುಕುವವನಂತೆ ಮೇಜಿನ ಕೆಳಗೆ ತೂರಿದ.

“ಮೂರನೇದು ಸಿಕ್ತು ಕಣ್ರೀ” ಎಂದರು ಲೆಕ್ಕದ ಮೇಷ್ಟ್ರು. “ಮೂರೇ ಪುಟ. ಎರಡು ವರ್ಷದಲ್ಲಿ ಒಂದು ನರಪಿಳ್ಳೆಯೂ ಉಲ್ಲೇಖಿಸಿಲ್ಲ. ಈ ಪಟ್ಟಿಯಲ್ಲಿ ಬರೀ ಲೇಖನದ ಹೆಸರಿದೆ, ಬರೆದವರದ್ದಿಲ್ಲ. ವಿಷಯ ಏನಪ್ಪಾ ಅಂದ್ರೆ…”

“ವಿಷಯ ಕಟ್ಕೊಂಡು ಏನಾಗ್ಬೇಕು ಸಾರ್!” ಅಡಿಟಿಪ್ಪಣಿ ಪಿಸುಗುಟ್ಟಿದ. “ಯಾರೂ ಮೂಸಿ ನೋಡದ್ದನ್ನ ಬರೆದ ಪುಣ್ಯಾತ್ಮನ್ನ ಏನು ಕೇಳೋದು? ಪುಸ್ತಕದ ಹುಳ, ತುಕ್ಕು, ಇದು, ಮೂರನ್ನೂ ಪತ್ರ ಅಂತ ಹಾಕಿ ಈಗಲೇ ಕಳಿಸಿ. ಕೆಳಗೆ ನನ್ನ ಹೆಸರು ಹಾಕಿ.”

“ಏನ್ರೀ ಅದು ಕೆಳಗೆ?” ಎಂದರು ಸಂಪಾದಕರು.

“ಮೈ ಜುಮ್ಮೆಂದಿತು ಸಾರ್. ಇದು ಪತ್ರ ಆದ್ರೂ ಲೇಖನವನ್ನ ಮೀರಿಸುತ್ತೆ.” ಸಂಪಾದಕರು ಕರಗಿ ಹೂಂ ಎಂದರು.

ಊಟದ ಹೊತ್ತು ಕಳೆದ ಮೇಲೆ ಸಂಸ್ಥೆಯ ಉತ್ತರ ಬಂತು. ಇಂಪ್ಯಾಕ್ಟ್ ಫ್ಯಾಕ್ಟರ್, ಒಂದು. ಲೆಕ್ಕದ ಮೇಷ್ಟ್ರು ಅವನನ್ನು ಅಪ್ಪಿಕೊಂಡು ಉಸಿರು ಕಟ್ಟಿಸಿದರು. ಹೆಂಡತಿಗೆ ಫೋನ್ ಮಾಡಿ “ನಿಮ್ಮಪ್ಪನಿಗೆ ನೀನು ಹೇಳಿದ್ದು ಸುಳ್ಳಾಗಲ್ಲ ಕಣೇ” ಎನ್ನುವಾಗ ಅವನಿಗೆ ಅಳುವೇ ಬಂತು.

ಸಂಜೆ ಸಮಿತಿಯ ಮುಂದೆ ಅವನು ಎದೆ ಸೆಟೆಸಿ ಕುಳಿತ. ಅಧ್ಯಕ್ಷರು ಕಂಪ್ಯೂಟರ್ ನೋಡಿ ತಲೆದೂಗಿದರು.

“ಭೇಷ್! ನಿಮ್ಮ ಪತ್ರಿಕೆ ಒಂದನ್ನ ಮುಟ್ಟಿದೆ. ಸರಿ, ಇದರಲ್ಲಿ ನಿಮ್ಮ ಲೇಖನ ಎಲ್ಲಿ?”

“ಎರೆಹುಳುವಿನ ಉಸಿರಾಟ, ಸಾರ್.”

“ಅದು ಲೇಖನ ಅಲ್ವಲ್ರೀ, ಸಂಪಾದಕರಿಗೆ ಬಂದ ಪತ್ರ” ಎಂದು ಅಧ್ಯಕ್ಷರು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. “ಯಾರೋ ತಪ್ಪಿ ಲೇಖನ ಅಂತ ಸೇರಿಸಿದ್ರಂತೆ. ಇವತ್ತು ನೀವೇ ತಿದ್ದಿ ಕಳಿಸಿದ್ದೀರಿ. ಇಷ್ಟು ಪ್ರಾಮಾಣಿಕರನ್ನ ನಾವು ನೋಡೇ ಇರ್ಲಿಲ್ಲ. ಹೋಗಿ ಬನ್ನಿ.”