ತಣ್ಣೀರಿನಲ್ಲಿ ಕೂತ ಬೆಲ್ಲ

ಒಬ್ಬರ ದನಿಯನ್ನು ಕದ್ದರೆ ಅವರ ವಿದ್ಯೆಯೂ ಅದರ ಹಿಂದೆಯೇ ಬಂದುಬಿಡುತ್ತದೆ ಎಂದು ನಂಬಿದವನು ನಾನು. ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ನಮ್ಮ ಸೂಪರ್‌ವೈಸರ್‌ಗಿಂತ ಚೆನ್ನಾಗಿ ಅವರ ಕೆಮ್ಮನ್ನು ಕೆಮ್ಮುತ್ತೇನೆ. ಆ ಒಂದೇ ಅರ್ಹತೆಯ ಮೇಲೆ ಲೇತ್ ಮಿಷನ್ ಬಗ್ಗೆ ಸಲಹೆ ಕೊಡಲು ಹೋಗಿ ಬೈಸಿಕೊಂಡಿದ್ದೇನೆ. ಮನೆಯಲ್ಲಿ ನನ್ನ ಖಾಯಂ ಐಟಂ ಅತ್ತಿಗೆ. ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾರೆ. ನಾನು ಹುಬ್ಬೇರಿಸಿ, ಚಾಕ್‌ಪೀಸ್ ಹಿಡಿದಂತೆ ಬೆರಳು ಮಡಿಸಿ, "ದ್ರಾವಕ ಯಾವುದು, ದ್ರಾವ್ಯ ಯಾವುದು, ಹಿಂದಿನ ಬೆಂಚು ಹೇಳ್ಲಿ" ಎಂದರೆ ಅಮ್ಮ ಸೌಟು ಬಿಟ್ಟು ನಗುತ್ತಾರೆ.

ನಮ್ಮ ಬೀದಿಯಲ್ಲಿ ರಾಮನವಮಿಯ ಪಾನಕ ವರ್ಷಕ್ಕೊಂದು ಮನೆಯದು. ಈ ಸಲ ನಮ್ಮದು. ಗುಡಿಯಲ್ಲಿ ಮಂಗಳಾರತಿ ಮುಗಿದು ಜನ ಹೊರಬರುವಾಗ ಪಾನಕ ಸಿದ್ಧವಿರಬೇಕು. ಇಲ್ಲದಿದ್ದರೆ ಎದುರುಮನೆ ರುದ್ರಣ್ಣ ಮುಂದಿನ ರಾಮನವಮಿವರೆಗೂ ಅದನ್ನೇ ಸಾರಿಕೊಂಡು ತಿರುಗುತ್ತಾರೆ. ಅದಕ್ಕೆ ಕಾರಣವೂ ಇದೆ: ಹೋದ ವರ್ಷ ಅವರ ಪಾನಕಕ್ಕೆ ನಾನು 'ನಲ್ಲಿನೀರಿನ ತಮ್ಮ' ಎಂದು ಅವರದೇ ದನಿಯಲ್ಲಿ ಹೆಸರಿಟ್ಟಿದ್ದೆ.

ಅಮ್ಮ ಅತ್ತಿಗೆಯನ್ನು ಕರೆಯಹೊರಟರು. ನಾನು ತೋಳು ಮಡಿಸಿ, "ಇದೇನ್ ಮಹಾ? ನಾನೊಬ್ನೇ ಸಾಕು, ನೀವೆಲ್ಲ ಕೂತ್ಕೊಳ್ಳಿ" ಎಂದೆ. ಪಾನಕ ತಣ್ಣಗಿರಬೇಕಾದರೆ ಶುರುವೂ ತಣ್ಣಗೇ ಆಗಬೇಕು ಎಂಬುದು ನನ್ನ ತರ್ಕ. ಡ್ರಮ್ಮಿಗೆ ನೀರು, ನೀರಿಗೆ ಐಸು, ಅದರೊಳಕ್ಕೆ ಗುಬ್ಬಿಯ ಮಾವ ಕಳಿಸಿದ ಬೆಲ್ಲದ ಅಚ್ಚುಗಳನ್ನು ಇಡಿಇಡಿಯಾಗಿ ಇಳಿಸಿದೆ. ಅವು ಕುಣಿಗಲ್ ಕೆರೆಗೆ ಬಿದ್ದ ಎಮ್ಮೆಗಳಂತೆ ಹಾಯಾಗಿ ಕೂತವು. ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯಿತೇ ಹೊರತು ಎಮ್ಮೆಗಳು ಏಳಲಿಲ್ಲ. ರುಚಿ ನೋಡಲೆಂದೇ ಬಂದ ರುದ್ರಣ್ಣ ಒಂದು ಗುಟುಕು ಕುಡಿದು, "ಏನ್ಲಾ, ತೀರ್ಥ ಕೊಡ್ತಿದೀಯಾ? ಒಸಿ ಪಾನಕಾನೂ ಹಾಕು" ಎಂದರು. ಅಷ್ಟರಲ್ಲಿ ಗುಡಿಯ ಗಂಟೆ ಶುರುವಾಯಿತು.

ಅತ್ತಿಗೆ ಬಂದು ಡ್ರಮ್ಮಿನೊಳಗೆ ಇಣುಕಿದರು. ಬೈಯಲಿಲ್ಲ. ಅಚ್ಚುಗಳನ್ನು ಹೊರತೆಗೆಸಿ, "ಇಡೀದು ಹಾಕಿದ್ರೆ ನೀರಿಗೆ ಸಿಗೋದು ಹೊರಗಿನ ಮೈ ಅಷ್ಟೇ ಕಣೋ. ಕುಟ್ಟು" ಎಂದರು. ನಾನು ಕುಟ್ಟಿದೆ. ಅವರು ಒಂದು ಸಣ್ಣ ಪಾತ್ರೆಯಲ್ಲಿ ನೀರು ಕಾಯಿಸಿದರು.

"ಇಷ್ಟು ಬೆಲ್ಲಕ್ಕೆ ಇಷ್ಟೇ ನೀರಾ ಅತ್ತಿಗೆ?"

"ಬಿಸಿನೀರಿಗೆ ಹೊಟ್ಟೆ ದೊಡ್ದು. ಜಾಸ್ತೀನೂ ಹಿಡಿಯುತ್ತೆ, ಬೇಗಾನೂ ಹಿಡಿಯುತ್ತೆ."

ನನ್ನನ್ನು ಅಷ್ಟು ಹೊತ್ತು ಸತಾಯಿಸಿದ ಬೆಲ್ಲ ಅವರ ಸೌಟು ತಿರುಗಿದಂತೆ ಕಣ್ಣೆದುರೇ ಕಾಣೆಯಾಯಿತು. ಸೋಸಿ ಡ್ರಮ್ಮಿಗೆ ಸುರಿಯುವಾಗ ನನಗೆ ಇನ್ನೊಂದು ದಿಗಿಲು. "ತಣ್ಣಗಾದ್ಮೇಲೆ ಮತ್ತೆ ಗಟ್ಟಿಯಾಗಿ ತಳ ಸೇರಲ್ವಾ?"

"ಇಷ್ಟೊಂದು ನೀರಿಗೆ ಇಷ್ಟು ಬೆಲ್ಲ ಯಾವ ಲೆಕ್ಕ? ತಣ್ಣೀರಿಗೂ ಕರಗಿಸೋಕೆ ಬರುತ್ತೆ ಕಣೋ, ಟೈಮ್ ಬೇಕು ಅಷ್ಟೇ. ಈಗ ನಮ್ಮತ್ರ ಇಲ್ದೇ ಇರೋದು ಅದೇ."

ನಿಂಬೆರಸ, ಏಲಕ್ಕಿ ಬಿತ್ತು. ಜನ ಬಂದರು. ನಾನು ಇಷ್ಟು ದಿನ ಆಡಿ ತೋರಿಸುತ್ತಿದ್ದ ಆ ಹುಬ್ಬಿನ ಹಿಂದೆ ಇಷ್ಟೆಲ್ಲ ಇತ್ತಲ್ಲ ಎಂದು ಬೆರಗಾಗಿ ಲೋಟ ತುಂಬಿಸುತ್ತಿದ್ದೆ. ರುದ್ರಣ್ಣ ಕುಡಿದು, ಮತ್ತೆ ಲೋಟ ಚಾಚಿ, "ಯಾರವ್ವ ಮಾಡಿದ್ದು?" ಎಂದು ಅತ್ತಿಗೆಯನ್ನು ಕೇಳಿದರು.

ಅತ್ತಿಗೆ ತೋಳು ಮಡಿಸಿ, ಗದ್ದ ಎತ್ತಿ, ಒಂದು ಥರದ ಒಣ ಜಂಭದ ದನಿಯಲ್ಲಿ, "ಇದೇನ್ ಮಹಾ ರುದ್ರಣ್ಣ? ನಾನೊಬ್ನೇ ಮಾಡ್ದೆ" ಎಂದರು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕಲಾವಿದನ ಬೆಲೆ ಕಲಾವಿದನಿಗೆ ತಾನೇ ಗೊತ್ತು. ಮೆಲ್ಲಗೆ ಅಮ್ಮನ ಕಡೆ ಬಾಗಿ ಕೇಳಿದೆ, "ಸಖತ್ತಾಗಿ ಮಾಡಿದ್ರು. ಆ ದನಿ ಯಾರ್ದಮ್ಮಾ?"

ಅಮ್ಮ ಕಣ್ಣೊರೆಸಿಕೊಂಡು ಹೇಳಿದರು, "ನಿಂದೇ ಕಣೋ."