ಒಂದು ಗಂಟೆಯ ನಿಶ್ಶಬ್ದ

ತೊಂದರೆಯ ಮೂಲ ಒಂದು ಕರಪತ್ರ. ಸುತ್ತ ಸುಣ್ಣಕಲ್ಲಿನ ಬೆಟ್ಟಗಳು, ನಡುವೆ ಭತ್ತದ ಗದ್ದೆಗಳಿರುವ ಕಣಿವೆಯೊಂದರ ಚಿತ್ರದ ಕೆಳಗೆ ‘ಪ್ರಮಾಣೀಕೃತ ನಿಶ್ಶಬ್ದ ಕಣಿವೆ’ ಎಂದು ಅಚ್ಚಾಗಿ, ಐದು ಸಾವಿರ ಪ್ರತಿಗಳು ಪ್ರವಾಸಿಗರ ಕೈ ಸೇರಿದ ಮೇಲೆ, ಅದನ್ನು ಇನ್ನೂ ಯಾರೂ ಪ್ರಮಾಣೀಕರಿಸಿಲ್ಲವೆಂಬುದು ಶಬ್ದಮಾಪನ ಕಚೇರಿಯ ಮೇಲಧಿಕಾರಿಗೆ ಹೊಳೆಯಿತು.

“ಹೋಗಿ ಒಂದು ಗಂಟೆ ಅಳತೆ ಮಾಡ್ಕೊಂಡು ಬನ್ನಿ,” ಎಂದರು ಸಹಾಯಕನಿಗೆ. “ಒಂದೇ ಒಂದ್ಸಲ ನಲವತ್ತೈದು ಡೆಸಿಬೆಲ್ ದಾಟಿದ್ರೂ ನಿಮ್ಮ ಕೆಲಸ ಖಾಯಂ ಆಗಲ್ಲ. ನೆನಪಿರ್ಲಿ.”

ಸಹಾಯಕ ಕರವಸ್ತ್ರವನ್ನು ಸಹ ಅಳತೆಗೋಲಿಟ್ಟು ಮಡಚುವ ಸ್ವಭಾವದವನು. ಮಧ್ಯಾಹ್ನ ಕಣಿವೆಯಲ್ಲಿ ಇಳಿದು, ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಮಾಪಕವನ್ನು ಚಾಲೂ ಮಾಡಿದ. ಅದು ಇಪ್ಪತ್ತೊಂಬತ್ತು ತೋರಿಸಿತು. ಅವನು ಮುಗುಳ್ನಕ್ಕ. ಎರಡನೆಯ ನಿಮಿಷಕ್ಕೆ ಪಕ್ಕದ ಗದ್ದೆಯಲ್ಲಿ ತಗಡಿನ ಡಬ್ಬವೊಂದು ಮದುವೆ ಮನೆಯ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದಂತೆ ಬಡಿದುಕೊಂಡಿತು. ಎಪ್ಪತ್ತೆಂಟು.

ಕಾಳಿಗೆ ಹಾಲು ತುಂಬುವ ಸಮಯ. ಹಕ್ಕಿಗಳನ್ನು ಓಡಿಸಲು ಗದ್ದೆಗೊಂದು ಡಬ್ಬ, ಡಬ್ಬಕ್ಕೊಂದು ಹಗ್ಗ. ಈ ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದಳು.

“ಅಜ್ಜೀ, ಶಬ್ದ ಅಳೆಯೋಕೆ ಬಂದಿದ್ದೀನಿ. ಒಂದು ಗಂಟೆ ಸದ್ದು ಮಾಡ್ಬೇಡಿ, ದಮ್ಮಯ್ಯ.”

ಅಜ್ಜಿ ಹಗ್ಗವನ್ನು ಕೈಬಿಟ್ಟಳು. “ಅಯ್ಯೋ ನನ್ನಪ್ಪಾ, ಅಂತೂ ಬಂದ್ಯಾ! ಏ ಮೇಷ್ಟ್ರೇ! ಎಲ್ರೂ ಬನ್ರೋ! ಸದ್ದು ಅಳೆಯೋರು ಬಂದಿದ್ದಾರೆ!”

ತೊಂಬತ್ತೊಂದು.

ಹತ್ತು ನಿಮಿಷದಲ್ಲಿ ನಲವತ್ತು ಜನ ಸೇರಿದರು. ಕೈಮುಗಿದು ಬೇಡಿಕೊಳ್ಳಬೇಕಾದೀತೆಂದು ಸಹಾಯಕ ಸಿದ್ಧನಾಗಿದ್ದ. ಅವರು ಅವನಿಗಿಂತ ಕಟ್ಟುನಿಟ್ಟಾಗಿದ್ದರು.

“ನಮ್ಮ ಕಡೆಯಿಂದ ಒಂದು ಪಿಸುಮಾತೂ ಅಳತೇಲಿ ಸೇರಬಾರ್ದು, ಅಲ್ವಾ ಸರ್?” ಎಂದರು ಮೇಷ್ಟ್ರು.

“ಸೇರಲೇಬಾರ್ದು.”

ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರು. ಅಜ್ಜಿಯ ತಮ್ಮನಿಗೆ ಕೆಮ್ಮಿತ್ತು; ಅವನನ್ನು ಬೆಟ್ಟದ ಗುಹೆಯೊಳಗೆ ಕೂರಿಸಿ ಬಂದರು. ಸುಣ್ಣಕಲ್ಲಿನ ಗುಹೆ ಅವನ ಒಂದು ಕೆಮ್ಮನ್ನು ನಾಲ್ಕು ಮಾಡಿ ಕಣಿವೆಗೆ ಹಿಂದಿರುಗಿಸಿತು. ನಲವತ್ತು ಜನ ಒಟ್ಟಾಗಿ “ಶ್‌ಶ್!” ಎಂದರು. ಕೆಮ್ಮು ಐವತ್ತೆಂಟು; ‘ಶ್’ ಎಪ್ಪತ್ತೆರಡು.

ತಮ್ಮನನ್ನು ಬೆಟ್ಟದ ಆಚೆಗೆ ದಾಟಿಸಿ ಮತ್ತೆ ಶುರುಮಾಡಿದಾಗ ಮೂರು ಗಂಟೆ. ಈ ಸಲ ಹತ್ತು ನಿಮಿಷ ಶುದ್ಧ ಮೌನವಿತ್ತು. ಡಬ್ಬಗಳು ಸುಮ್ಮನಿರುವುದನ್ನು ಗಮನಿಸಿದ ಗಿಳಿಗಳು ಪರಸ್ಪರ ಸುದ್ದಿ ಮುಟ್ಟಿಸಿ, ಬಂಧುಬಳಗ ಸಮೇತ ಗದ್ದೆಗಿಳಿದವು. ಅರವತ್ತೇಳು.

“ಕೊನೇ ಬಸ್ಸು ಐದೂವರೆಗೆ,” ಎಂದ ಸಹಾಯಕ. ಅವನಿಗೆ ಅಳುವುದೊಂದೇ ಬಾಕಿಯಿತ್ತು.

“ಅಳ್ಬೇಡ ಮಗಾ,” ಎಂದಳು ಅಜ್ಜಿ. “ಬಾಯಿ ಬೇಡ ಅಂದ್ರೆ ಕೈ ಇಲ್ವಾ?”

ನಾಲ್ಕು ಗಂಟೆ ಐದು ನಿಮಿಷಕ್ಕೆ ಮೂರನೆಯ ಪ್ರಯತ್ನ ಆರಂಭವಾಯಿತು. ಗದ್ದೆಗೊಬ್ಬರಂತೆ ನಿಂತು, ಸೀರೆಯ ಸೆರಗು, ಪಂಚೆ, ಟವೆಲು, ಯಾರದೋ ಮನೆಯ ಕಿಟಕಿಯ ಪರದೆ, ಹೀಗೆ ಸಿಕ್ಕಿದ್ದನ್ನೆಲ್ಲ ಬೀಸತೊಡಗಿದರು. ಮಾಪಕದ ಪಕ್ಕದ ಗದ್ದೆಗೆ ಆಳು ಸಾಲದೆ ಸಹಾಯಕನೇ ಇಳಿದ. ಮೊಣಕಾಲವರೆಗೆ ಕೆಸರು; ಮೈಮೇಲಿನ ಅಂಗಿ ಕೈಯಲ್ಲಿ. ಇಡೀ ಕಣಿವೆ ತುಟಿ ಬಿಗಿದುಕೊಂಡು ಕುಣಿಯುತ್ತಿತ್ತು. ಗಿಳಿಗಳು ಇಂಥದ್ದನ್ನು ಹಿಂದೆಂದೂ ನೋಡಿರಲಿಲ್ಲವಾದ್ದರಿಂದ ಬೆಟ್ಟದ ಮೇಲೆಯೇ ಕುಳಿತು ನೋಡಿದವು, ಅದೂ ಮಾತಿಲ್ಲದೆ.

ಮೂವತ್ತು. ಮೂವತ್ತೊಂದು. ಮೂವತ್ತು. ಸಹಾಯಕನ ಕಣ್ಣಲ್ಲಿ ನೀರಾಡಿತು. ಐವತ್ತೈದು ನಿಮಿಷ ಮುಗಿದಿತ್ತು.

ಸರಿಯಾಗಿ ಐದು ಗಂಟೆಗೆ ಎದುರು ಬೆಟ್ಟದ ಆಚೆಯಿಂದ ಆಕಾಶ ಕಳಚಿ ಬಿದ್ದಂಥ ಸದ್ದಾಯಿತು. ಒಂದು ಬೆಟ್ಟ ಅದನ್ನು ಇನ್ನೊಂದಕ್ಕೆ ಎಸೆಯಿತು, ಅದು ಮತ್ತೊಂದಕ್ಕೆ. ಸಹಾಯಕ ಕೆಸರಿನಲ್ಲಿ ಕುಳಿತುಬಿಟ್ಟ.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಓಡಿ ಬಂದರು. “ಎಷ್ಟು ಬಂತು ಸರ್? ಎಷ್ಟು?”

“ನೂರಾ ಆರು.”

“ನೂರಾ ಆರಂತೆ!” ಎಂದು ಮೇಷ್ಟ್ರು ಕೂಗಿದರು. ನಲವತ್ತು ಜನ ಹೋ ಎಂದರು. “ಕಲ್ಲುಗಣಿಯವ್ರು ದಿನಾ ಐದಕ್ಕೇ ಸಿಡಿಸೋದು ಸರ್. ಅಳತೆ ಮೊದಲೇ ಮುಗಿದಿದ್ರೂ ಐದರವರೆಗೆ ನಿಮ್ಮನ್ನ ಬಿಡ್ತಿರ್ಲಿಲ್ಲ. ಗೋಡೆಗಳೆಲ್ಲ ಬಿರುಕು ಬಿಟ್ಟಿವೆ. ಮೂರು ವರ್ಷದಿಂದ ನಿಮ್ಮ ಕಚೇರಿಗೆ ಅರ್ಜಿ ಮೇಲೆ ಅರ್ಜಿ ಹಾಕಿದ್ದು ನಾನೇ! ‘ಆ ಸದ್ದು ನಿಮ್ಮ ಡಬ್ಬದ್ದು’ ಅಂತ ಉತ್ತರ ಬರ್ತಿತ್ತು. ಅದಕ್ಕೇ ಇವತ್ತು ಉಸಿರು ಬಿಗಿಹಿಡ್ಕೊಂಡು ನಿಂತ್ವಿ!”

“ನೀನು ಚೆನ್ನಾಗಿರ್ಬೇಕು ಮಗಾ,” ಎಂದು ಅಜ್ಜಿ ಅವನ ತಲೆಯ ಮೇಲೆ ಕೆಸರಿನ ಕೈಯಿಟ್ಟಳು. ನಲವತ್ತೂ ಜನ ಸಾಕ್ಷಿ ಸಹಿಗೆ ಸಾಲುಗಟ್ಟಿದರು. ಕೆಲವರು ಸಹಾಯಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಜೈಕಾರ ಹಾಕಿದರು.

ಅಷ್ಟು ಎತ್ತರದಲ್ಲಿದ್ದಾಗಲೇ ಫೋನು ಬಂತು.

“ಅಳತೆ ಮುಗೀತೇನ್ರೀ?” ಎಂದರು ಮೇಲಧಿಕಾರಿ. “ನಿಶ್ಶಬ್ದ ಕಣಿವೆಯಲ್ಲೇ ಇದ್ದೀರಿ ತಾನೇ?”

“ಹೌದು ಸರ್.”

“ಏನು? ಸ್ವಲ್ಪ ಜೋರಾಗಿ ಹೇಳ್ರೀ! ಆ ಗಲಾಟೇಲಿ ಒಂದಕ್ಷರ ಕೇಳಿಸ್ತಿಲ್ಲ!”